ಕ್ಸೈಲೀನಿನ ವಾಸನೆ ಅನಿವಾರ್ಯವೇ?

ಹೊಸಕೋಟೆಯ ಸೀಮೆಯ ಒಂದು ಹಳ್ಳಿಯಿಂದ ಹೆಂಗಸೊಬ್ಬಳು ಎದೆಯಲ್ಲಿ ಎದ್ದ ಗಂಟೊಂದನ್ನು ತೋರಿಸಿಕೊಳ್ಳಲು ಆಸ್ಪತ್ರೆಗೆ ಬಂದಿದ್ದಾಳೆಂದು ಭಾವಿಸೋಣ. ವೈದ್ಯರು ಆ ಗಂಟಿನಿಂದ ಅವರೆಕಾಳಿಗಿಂತ ಚಿಕ್ಕದಾದ ಒಂದು ಚೂರನ್ನು ತೆಗೆದು, ಫಾರ್ಮಲಿನ್ ತುಂಬಿದ ಸೀಸೆಗೆ ಹಾಕಿ, ಕೆಲವು ದಿನ ಬಿಟ್ಟು ಬರುವಂತೆ ಹೇಳಿ ಕಳುಹಿಸುತ್ತಾರೆ. ಆ ದಿನಗಳನ್ನು ಆಕೆಯೂ ಆಕೆಯ ಮನೆಯವರೂ ಹೇಗೆ ಕಳೆಯುವರೆಂಬುದನ್ನು ನಾವು ವಿವರಿಸಬೇಕಾಗಿಲ್ಲ. ಆದರೆ ಆ ಚೂರು ಆ ದಿನಗಳನ್ನು ಎಲ್ಲಿ, ಹೇಗೆ ಕಳೆಯುತ್ತದೆ ಎಂಬುದನ್ನು ವಿದ್ಯಾರ್ಥಿಗಳಾದ ನಮ್ಮ ವಾಚಕರು ತಿಳಿದಿರುವುದು ಒಳ್ಳೆಯದು. ಏಕೆಂದರೆ ಮಾಂಸದ ಆ ಚೂರನ್ನು ಗಾಜಿನ ಮೇಲೆ ಓದಬಹುದಾದ ಬರೆಹವನ್ನಾಗಿ ಮಾರ್ಪಡಿಸುವ ಕೆಲಸದಲ್ಲಿ, ಯಾರಿಗೂ ಕಾಣದಂತೆ ಒಳಗಿನ ಕೊಠಡಿಯಲ್ಲಿ ಕುಳಿತ ತಂತ್ರಜ್ಞರ ಉಸಿರೂ ಸೇರಿಕೊಂಡಿರುತ್ತದೆ. ಆ ಉಸಿರಿನ ವಿಷಯವಾಗಿಯೇ ನಾವು ಇಂದು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದರೆ ಬೆಳಕು ಅವುಗಳ ಮೂಲಕ ಹಾದುಬರಬೇಕು. ಅದಕ್ಕಾಗಿ ಅಂಗಾಂಶವನ್ನು ಒಂದು ಮಿಲಿಮೀಟರಿನ ಸಾವಿರದ ನಾಲ್ಕೈದು ಭಾಗಗಳಷ್ಟು ತೆಳುವಾಗಿ ಹೆರೆಯಬೇಕು. ಹಸಿ ಮಾಂಸವನ್ನು ಹೀಗೆ ಹೆರೆಯುವುದು ಸುಲಭವಲ್ಲ. ಮೃದುವಾದ ಹಣ್ಣನ್ನು ಮೊಂಡು ಚಾಕುವಿನಿಂದ ಕೊಯ್ದಂತಾಗುತ್ತದೆ. ಆದುದರಿಂದ ಅಂಗಾಂಶದ ಒಳಗೂ ಹೊರಗೂ ಕರಗಿದ ಪ್ಯಾರಫಿನ್ ಮೇಣವನ್ನು ತುಂಬಿಸಿ, ಅದು ಗಟ್ಟಿಯಾದ ಮೇಲೆ ಮೈಕ್ರೊಟೋಮ್ ಎಂಬ ಯಂತ್ರದಿಂದ ಹೆರೆಯುತ್ತಾರೆ. ಇಲ್ಲಿಯೇ ತೊಡಕು ಎದುರಾಗುವುದು. ಅಂಗಾಂಶದ ತುಂಬ ಇರುವುದು ನೀರು. ನೀರಿಗೂ ಮೇಣಕ್ಕೂ ಹೊಂದಿಕೆಯಿಲ್ಲ. ಆಲ್ಕೊಹಾಲಿನ ಅಂಶವನ್ನು ಶೇಕಡ ೭೦ರಿಂದ ೧೦೦ರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ ಹೋದರೆ ನೀರೆಲ್ಲವೂ ಹೊರಬೀಳುವುದು ನಿಜ. ಆದರೆ ಆಗ ಅಂಗಾಂಶದಲ್ಲಿ ಉಳಿಯುವ ಎಥೈಲ್ ಆಲ್ಕೊಹಾಲಿಗೂ ಮೇಣಕ್ಕೂ ಸ್ನೇಹವಿಲ್ಲ. ಇಬ್ಬರಿಗೂ ಬೇಕಾದ ಮಧ್ಯಸ್ಥನೊಬ್ಬನನ್ನು ನಡುವೆ ತರಬೇಕು. ಆಲ್ಕೊಹಾಲಿನೊಡನೆಯೂ ಬೆರೆತು ಮೇಣದೊಡನೆಯೂ ಬೆರೆಯುವ ಇಂತಹ ದ್ರವಕ್ಕೆ ಪ್ರಯೋಗಶಾಲೆಗಳಲ್ಲಿ ಕ್ಲಿಯರಿಂಗ್ ಏಜೆಂಟ್ ಎಂದು ಹೆಸರು. ನಾವು ಅದನ್ನು ತಿಳಿಕಾರಕ ಎಂದು ಕರೆಯೋಣ. ಕನ್ನಡದಲ್ಲಿ ತಿಳಿ ಎಂಬ ಮಾತಿಗೆ ನಿರ್ಮಲವಾದದ್ದು ಎಂದೂ ಅರ್ಥವುಂಟು, ಅರಿಯುವುದು ಎಂದೂ ಅರ್ಥವುಂಟು. ಎರಡೂ ಇಲ್ಲಿ ಸಲ್ಲುತ್ತವೆ.

ಮಧ್ಯಸ್ಥನ ಕೆಲಸಕ್ಕೆ ಈ ಹೆಸರು ಏಕೆ ಬಂದಿತು? ದೊಡ್ಡಬಳ್ಳಾಪುರದ ನೇಕಾರರ ಮನೆಯ ಮಕ್ಕಳಿಗೆ ಇದರ ಉತ್ತರ ಕಣ್ಣಳತೆಯಲ್ಲಿಯೇ ಇದೆ. ಒಣಗಿದ ಬಿಳಿಯ ರೇಷ್ಮೆಯ ಬಟ್ಟೆಯ ಹಿಂದೆ ಕೈಯಿಟ್ಟರೆ ಕೈ ಕಾಣುವುದಿಲ್ಲ. ಅದೇ ಬಟ್ಟೆ ನೆನೆದರೆ ಕೈ ಮಸುಕಾಗಿ ಕಾಣುತ್ತದೆ. ಬೋಂಡ ಕಟ್ಟಿದ ಕಾಗದದ ಮೇಲೆ ಎಣ್ಣೆ ಹತ್ತಿದ ಜಾಗ ಬೆಳಕನ್ನು ಹಾಯಗೊಡುವುದೂ ಇದೇ ಕಾರಣದಿಂದ. ಎಳೆಗಳ ನಡುವೆ ಗಾಳಿ ತುಂಬಿರುವಾಗ ಬೆಳಕು ಎಳೆಯಿಂದ ಗಾಳಿಗೆ, ಗಾಳಿಯಿಂದ ಎಳೆಗೆ ದಾಟುವಾಗಲೆಲ್ಲ ಬಾಗಿ ಚದುರುತ್ತದೆ. ಆ ಎಡೆಗಳಲ್ಲಿ ಎಳೆಯಷ್ಟೇ ವಕ್ರೀಭವನಾಂಕವುಳ್ಳ ದ್ರವವು ತುಂಬಿದರೆ ಬೆಳಕಿಗೆ ಗಡಿಯೇ ಕಾಣದಂತಾಗಿ ಅದು ನೇರವಾಗಿ ಸಾಗುತ್ತದೆ. ನೀರಿನ ವಕ್ರೀಭವನಾಂಕ ೧.೩೩, ಒಣಗಿದ ಪ್ರೋಟೀನಿನದು ಸುಮಾರು ೧.೫೩, ಗಾಜಿನದು ಸುಮಾರು ೧.೫೨. ಕ್ಸೈಲೀನಿನದು ೧.೫೦ರ ಹತ್ತಿರ. ಆದುದರಿಂದ ಕ್ಸೈಲೀನಿನಲ್ಲಿ ಮುಳುಗಿದ ಅಂಗಾಂಶವು ತನ್ನ ಮಬ್ಬನ್ನು ಕಳೆದುಕೊಂಡು ಗಾಜಿನಂತೆ ತಿಳಿಯಾಗುತ್ತದೆ. ತಂತ್ರಜ್ಞರಿಗೆ ಇದೊಂದು ಗುರುತು ಕೂಡ ಹೌದು. ಚೂರು ತಿಳಿಯಾಗದೆ ಹಾಲುಗಪ್ಪಾಗಿ ಉಳಿದಿದ್ದರೆ ಅದರೊಳಗೆ ಇನ್ನೂ ನೀರಿದೆ ಎಂದು ತಿಳಿದು ಅವರು ಅದನ್ನು ಮರಳಿ ಆಲ್ಕೊಹಾಲಿಗೆ ಹಾಕುತ್ತಾರೆ.

ಕ್ಸೈಲೀನಿಗೆ ಕೆಲಸ ಇಷ್ಟಕ್ಕೇ ಮುಗಿಯುವುದಿಲ್ಲ. ಹೆರೆದ ತೆಳುಪದರಕ್ಕೆ ಬಣ್ಣ ಕಟ್ಟುವ ಮೊದಲು ಅದರ ಮೇಣವನ್ನು ಕರಗಿಸುವುದು ಕ್ಸೈಲೀನು. ಬಣ್ಣ ಕಟ್ಟಿದ ಮೇಲೆ ಮತ್ತೊಮ್ಮೆ ತಿಳಿಗೊಳಿಸುವುದು ಕ್ಸೈಲೀನು. ಕೊನೆಗೆ ಮೇಲುಗಾಜನ್ನು ಅಂಟಿಸುವ ಡಿ.ಪಿ.ಎಕ್ಸ್. ಎಂಬ ಅಂಟಿನಲ್ಲಿ ಇರುವ ದ್ರಾವಕವೂ ಕ್ಸೈಲೀನೇ. ಹೀಗೆ ಒಂದೇ ಸ್ಲೈಡಿನ ಹಿಂದೆ ಈ ದ್ರವವು ಮತ್ತೆ ಮತ್ತೆ ತೆರೆದ ಪಾತ್ರೆಯಲ್ಲಿ ನಿಲ್ಲುತ್ತದೆ.

ಇಷ್ಟೊಂದು ಉಪಕಾರಿಯಾದ ವಸ್ತುವಿನ ಮೇಲೆ ನಮಗೆ ಏನು ದೂರು? ದೂರು ವಸ್ತುವಿನ ಮೇಲಲ್ಲ, ಅದನ್ನು ನಾವು ನಡೆಸಿಕೊಳ್ಳುವ ರೀತಿಯ ಮೇಲೆ. ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ನಾವು ಕಂಡ ದೃಶ್ಯವನ್ನು ಹೇಳುತ್ತೇವೆ. ಮೇಜಿನ ಮೇಲೆ ಹತ್ತಾರು ಗಾಜಿನ ಜಾಡಿಗಳು, ಒಂದಕ್ಕೂ ಮುಚ್ಚಳವಿಲ್ಲ. ರಸ್ತೆಯ ಧೂಳು ಬರುವುದೆಂದು ಕಿಟಕಿಗಳನ್ನು ಮುಚ್ಚಿದ್ದರು. ತಲೆಯ ಮೇಲೆ ಫ್ಯಾನು ತಿರುಗುತ್ತಿದ್ದಿತು. ವಿದ್ಯಾರ್ಥಿನಿಯರು ಬರಿಗೈಯಲ್ಲಿ ಸ್ಲೈಡುಗಳನ್ನು ಎತ್ತಿ ಇಳಿಸುತ್ತಿದ್ದರು. ತಲೆನೋವು ಬರುವುದಿಲ್ಲವೇ ಎಂದು ಕೇಳಿದಾಗ ಅವರಲ್ಲೊಬ್ಬಳು, ತಲೆನೋವು ಬಾರದಿದ್ದರೆ ಪ್ರಾಯೋಗಿಕ ತರಗತಿ ನಡೆದಂತೆಯೇ ಅಲ್ಲ ಎಂದು ನಗುತ್ತ ಉತ್ತರಿಸಿದಳು. ಆ ನಗೆಯನ್ನು ನಾವು ಮರೆತಿಲ್ಲ. ಅಪಾಯವೊಂದು ಅಭ್ಯಾಸವಾಗಿ, ಅಭ್ಯಾಸವು ವಿನೋದವಾಗಿ ಮಾರ್ಪಡುವುದಕ್ಕಿಂತ ಹೆಚ್ಚಿನ ಅಪಾಯವು ಪ್ರಯೋಗಶಾಲೆಯಲ್ಲಿ ಇಲ್ಲ.

ಕ್ಸೈಲೀನಿನ ಆವಿಯು ಕಣ್ಣು, ಮೂಗು, ಗಂಟಲುಗಳನ್ನು ಕೆರಳಿಸುತ್ತದೆ. ಹೆಚ್ಚಾದಾಗ ತಲೆನೋವು, ತಲೆಸುತ್ತು, ಓಕರಿಕೆ ಬರುತ್ತವೆ. ಅದು ಸೇರುವುದು ಮುಖ್ಯವಾಗಿ ನರಮಂಡಲದ ಮೇಲೆ. ಚರ್ಮದ ಜಿಡ್ಡನ್ನು ಕರಗಿಸುವುದರಿಂದ ಬೆರಳುಗಳು ಒಣಗಿ ಬಿರಿಯುತ್ತವೆ. ದೇಹವು ಅದನ್ನು ಸುಮ್ಮನೆ ಬಿಡುವುದಿಲ್ಲ. ಯಕೃತ್ತು ಅದನ್ನು ಆಮ್ಲವಾಗಿ ಮಾರ್ಪಡಿಸಿ, ಗ್ಲೈಸೀನಿನೊಡನೆ ಕೂಡಿಸಿ, ಮೂತ್ರದ ಮೂಲಕ ಹೊರಹಾಕುತ್ತದೆ. ಹಾಗೆ ಹೊರಬರುವ ಮೀಥೈಲ್ ಹಿಪ್ಯೂರಿಕ್ ಆಮ್ಲವನ್ನು ಅಳೆದರೆ ಒಬ್ಬ ಕೆಲಸಗಾರನು ಎಷ್ಟು ಕ್ಸೈಲೀನನ್ನು ಉಸಿರಾಡಿದನೆಂಬುದನ್ನು ಅಂದಾಜು ಮಾಡಬಹುದು. ಇಲ್ಲಿ ಉತ್ಪ್ರೇಕ್ಷೆಯೂ ಬೇಡ. ಕ್ಸೈಲೀನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ಹೇಳುವುದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅದನ್ನು ಮೂರನೆಯ ಗುಂಪಿನಲ್ಲಿ ಇರಿಸಿದೆ. ಹಿಂದೆ ತಿಳಿಕಾರಕವಾಗಿ ಬಳಕೆಯಲ್ಲಿದ್ದ ಬೆಂಜೀನು ಖಚಿತವಾಗಿ ಕ್ಯಾನ್ಸರಿಗೆ ಕಾರಣವಾಗುವುದೆಂದು ಮೊದಲನೆಯ ಗುಂಪಿನಲ್ಲಿದೆ. ಬೆಂಜೀನನ್ನು ಬಿಟ್ಟು ಕ್ಸೈಲೀನಿಗೆ ಬಂದುದು ಒಂದು ಹೆಜ್ಜೆ ಮುಂದೆ ಬಂದಂತೆಯೇ ಸರಿ. ಆದರೆ ಅಲ್ಲಿಯೇ ನಿಂತುಬಿಡಬೇಕೆಂಬ ನಿಯಮವೇನೂ ಇಲ್ಲ.

ಎಷ್ಟು ಕ್ಸೈಲೀನು ಗಾಳಿಯಲ್ಲಿದ್ದರೆ ಹೆಚ್ಚು? ನಮ್ಮ ದೇಶದ ೧೯೪೮ರ ಕಾರ್ಖಾನೆಗಳ ಕಾಯಿದೆಯು ಎಂಟು ಗಂಟೆಗಳ ಸರಾಸರಿಯಲ್ಲಿ ಗಾಳಿಯ ಹತ್ತು ಲಕ್ಷ ಭಾಗಕ್ಕೆ ೧೦೦ ಭಾಗವನ್ನು ಮಿತಿಯಾಗಿ ಇರಿಸಿದ್ದಿತು; ಯೂರೋಪಿನ ಒಕ್ಕೂಟದ ಮಿತಿ ೫೦ ಭಾಗ. ಈ ಅಂಕಿಗಳನ್ನು ಕೇಳಿದ ಕೂಡಲೆ ಇವು ದೊಡ್ಡ ಕಾರ್ಖಾನೆಗಳಿಗೆ ಸಂಬಂಧಿಸಿದ ಮಾತೆಂದು ಅನಿಸಬಹುದು. ಹೈಸ್ಕೂಲಿನ ರಸಾಯನಶಾಸ್ತ್ರವಷ್ಟರಿಂದಲೇ ಲೆಕ್ಕ ಹಾಕಿ ನೋಡೋಣ. ೬ ಮೀಟರು ಉದ್ದ, ೫ ಮೀಟರು ಅಗಲ, ೪ ಮೀಟರು ಎತ್ತರದ ಕೊಠಡಿಯೊಂದರ ಗಾಳಿ ೧೨೦ ಘನಮೀಟರು, ಎಂದರೆ ೧,೨೦,೦೦೦ ಲೀಟರು. ಒಂದು ಮಿಲಿಲೀಟರು ಕ್ಸೈಲೀನಿನ ತೂಕ ಸುಮಾರು ೦.೮೬ ಗ್ರಾಂ. ಅದರ ಅಣುಭಾರ ೧೦೬. ಒಂದು ಗ್ರಾಂ-ಅಣು ಆವಿಯು ನಮ್ಮ ಕೊಠಡಿಯ ಉಷ್ಣತೆಯಲ್ಲಿ ಸುಮಾರು ೨೪ ಲೀಟರು ಜಾಗವನ್ನು ಆಕ್ರಮಿಸುವುದರಿಂದ, ಒಂದು ಮಿಲಿಲೀಟರು ದ್ರವವು ಸುಮಾರು ೨೦೦ ಮಿಲಿಲೀಟರು ಆವಿಯಾಗುತ್ತದೆ. ಹಾಗೆ ೩೦ ಮಿಲಿಲೀಟರು ಆವಿಯಾದರೆ ೬ ಲೀಟರು. ಅದು ೧,೨೦,೦೦೦ ಲೀಟರು ಗಾಳಿಯಲ್ಲಿ ಬೆರೆತರೆ ಹತ್ತು ಲಕ್ಷಕ್ಕೆ ೫೦ ಭಾಗ. ಮೂವತ್ತು ಮಿಲಿಲೀಟರೆಂದರೆ ಎರಡು ದೊಡ್ಡ ಚಮಚ. ಬಣ್ಣ ಕಟ್ಟುವ ಒಂದು ಸಾಮಾನ್ಯ ಜಾಡಿಯಲ್ಲಿ ಹಿಡಿಸುವುದಕ್ಕಿಂತಲೂ ಕಡಮೆ! ಕಿಟಕಿ ಮುಚ್ಚಿದ ಕೊಠಡಿಯಲ್ಲಿ ಅಷ್ಟು ದ್ರವವು ಹಾರಿಹೋದರೆ ಯೂರೋಪಿನ ಮಿತಿಯನ್ನು ಮುಟ್ಟಿದಂತಾಯಿತು. ಅದರ ಎರಡರಷ್ಟಾದರೆ ೧೦೦ ಭಾಗವನ್ನೂ ಮುಟ್ಟಿದಂತೆ. ತಲೆಯ ಮೇಲಿನ ಫ್ಯಾನು ಆವಿಯನ್ನು ಹೊರಹಾಕುವುದಿಲ್ಲ. ಅದನ್ನು ಎಲ್ಲರಿಗೂ ಸಮನಾಗಿ ಹಂಚುತ್ತದೆ, ಅಷ್ಟೆ.

ಒಂದು ತಲೆಮಾರಿನ ಹಿಂದೆ ಇದು ಬೆಂಗಳೂರಿನ ಕೆಲವೇ ಪ್ರಯೋಗಶಾಲೆಗಳ ಪ್ರಶ್ನೆಯಾಗಿದ್ದಿತು. ೧೯೭೩ರಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಬೆಂಗಳೂರಿನಲ್ಲಿ ಸ್ಥಾಪನೆಯಾದ ಮೇಲೆ ಸುತ್ತಣ ತಾಲ್ಲೂಕುಗಳ ರೋಗಿಗಳಿಗೆ ಅದೇ ದೊಡ್ಡ ಆಸರೆಯಾಯಿತು. ಈಗ ಹೊಸಕೋಟೆ, ದೇವನಹಳ್ಳಿ, ನೆಲಮಂಗಲ ತಾಲ್ಲೂಕುಗಳಲ್ಲಿಯೇ ವೈದ್ಯಕೀಯ ಕಾಲೇಜುಗಳಿವೆ. ಪದವಿ ಕಾಲೇಜುಗಳಲ್ಲಿ ಜೀವಶಾಸ್ತ್ರದ ತರಗತಿಗಳಿವೆ. ಊರಿನ ಮಕ್ಕಳು ಊರಿನ ಬಳಿಯೇ ಈ ವಿದ್ಯೆಯನ್ನು ಕಲಿತು ಊರಿನವರ ರೋಗವನ್ನು ಗುರುತಿಸುವ ಕಾಲ ಬಂದಿರುವುದು ಸಂತೋಷದ ಸಂಗತಿ. ಆದರೆ ವಿದ್ಯೆಯೊಡನೆ ಹಳೆಯ ದುರಭ್ಯಾಸವೂ ಹಳ್ಳಿಗೆ ಬರಬೇಕಾಗಿಲ್ಲ.

ಕ್ಸೈಲೀನಿಲ್ಲದೆ ಸೂಕ್ಷ್ಮದರ್ಶಕದ ವಿದ್ಯೆಯೇ ಇಲ್ಲವೆಂಬ ಭಾವನೆ ಅನೇಕರಲ್ಲಿದೆ. ಚರಿತ್ರೆ ಹಾಗೆ ಹೇಳುವುದಿಲ್ಲ. ಲಂಡನ್ನಿನ ಲಾಕ್‌ಹಾರ್ಟ್ ಕ್ಲಾರ್ಕ್ ಎಂಬ ವೈದ್ಯರು ೧೮೫೧ರಲ್ಲಿ ಬೆನ್ನುಹುರಿಯ ಪದರಗಳನ್ನು ಆಲ್ಕೊಹಾಲಿನ ನಂತರ ಟರ್ಪೆಂಟೈನಿನಿಂದ ತಿಳಿಗೊಳಿಸಿದ ಕ್ರಮವನ್ನು ಪ್ರಕಟಿಸಿದರು. ಟರ್ಪೆಂಟೈನು ದೇವದಾರುವಿನ ಬಳಗದ ಮರಗಳ ರಾಳದಿಂದ ಬರುವ ತೈಲ. ಲವಂಗದ ಎಣ್ಣೆ, ಸೀಡರ್ ಮರದ ಎಣ್ಣೆಗಳೂ ಬಹುಕಾಲದಿಂದ ಈ ಕೆಲಸಕ್ಕೆ ಬಂದಿವೆ. ನಮ್ಮ ಸಸ್ಯಶಾಸ್ತ್ರದ ಪ್ರಯೋಗಶಾಲೆಗಳಲ್ಲಿ ಹಲ್ಲುನೋವಿಗೆ ಹಚ್ಚುವ ಲವಂಗದೆಣ್ಣೆಯ ಪರಿಮಳವನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಜರ್ಮನಿಯ ಸ್ಪಾಲ್ಟೆಹೋಲ್ಟ್ಸ್ ೧೯೧೧ರ ವೇಳೆಗೆ ವಿಂಟರ್‌ಗ್ರೀನ್ ಎಣ್ಣೆಯ ಸಾರವನ್ನು ಬಳಸಿ ಇಡೀ ಅಂಗಗಳನ್ನೇ ಪಾರದರ್ಶಕವಾಗಿಸಿ ತೋರಿಸಿದರು. ಜೊಹಾನ್ಸೆನ್ ೧೯೪೦ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಸಸ್ಯಗಳಿಗೆ ಟರ್ಷಿಯರಿ ಬ್ಯುಟೈಲ್ ಆಲ್ಕೊಹಾಲಿನ ಕ್ರಮವನ್ನು ವಿವರಿಸಿದರು. ಆ ಆಲ್ಕೊಹಾಲು ಮೇಣದೊಡನೆ ತಾನೇ ಬೆರೆಯುವುದರಿಂದ ಅಲ್ಲಿ ಬೇರೆ ಮಧ್ಯಸ್ಥನೇ ಬೇಕಿಲ್ಲ. ೨೦೧೩ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಕಾರ್ಲ್ ಡೈಸೆರಾತ್ ಮತ್ತು ಅವರ ಸಂಗಡಿಗರು ಇಲಿಯ ಮೆದುಳನ್ನು ಜೆಲ್ಲಿನ ಬಲೆಯಲ್ಲಿ ಹಿಡಿದು, ಅದರ ಕೊಬ್ಬನ್ನು ಮಾರ್ಜಕದಿಂದ ತೊಳೆದು, ಮೆದುಳನ್ನೇ ಗಾಜಿನಂತಾಗಿಸಿದರು. ಈ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಕಥೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ: ತಿಳಿಗೊಳಿಸುವುದು ಒಂದು ತತ್ತ್ವ; ಕ್ಸೈಲೀನು ಆ ತತ್ತ್ವದ ಒಂದು ಸಾಧನ ಮಾತ್ರ.

ಬದಲಿ ಸಾಧನಗಳಲ್ಲಿ ಒಂದು ನಮ್ಮ ಮನೆಯ ಅಂಗಳದಲ್ಲಿಯೇ ಬೆಳೆಯುವುದೆಂಬುದು ವಾಚಕರಿಗೆ ಕೌತುಕವೆನಿಸಬಹುದು. ದೇವನಹಳ್ಳಿಯ ಚಕ್ಕೋತವನ್ನು ಅರಿಯದ ಕನ್ನಡಿಗರು ಕಡಮೆ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದಿರುವ ಆ ಹಣ್ಣಿನ ದಪ್ಪ ಸಿಪ್ಪೆಯ ಹೊರಪದರದಲ್ಲಿ ಸೂಜಿಮೊನೆಯಷ್ಟು ಗಾತ್ರದ ಎಣ್ಣೆಯ ಚೀಲಗಳಿವೆ. ಕಿತ್ತಳೆಯ ಸಿಪ್ಪೆಯನ್ನು ಮಡಿಚಿ ಗೆಳೆಯನ ಕಣ್ಣಿಗೆ ಚಿಮ್ಮಿಸಿದ ತುಂಟರಿಗೆಲ್ಲ ಈ ಎಣ್ಣೆಯ ಪರಿಚಯವುಂಟು. ಅದನ್ನು ಉರಿಯುವ ದೀಪದ ಕಡೆಗೆ ಚಿಮ್ಮಿಸಿದರೆ ಕಿಡಿಗಳೇಳುತ್ತವೆ. ಊದಿದ ಬಲೂನಿನ ಮೇಲೆ ಬಿದ್ದರೆ ಬಲೂನು ಒಡೆಯುತ್ತದೆ. ಚಕ್ಕೋತ, ಕಿತ್ತಳೆ, ನಿಂಬೆಗಳ ಸಿಪ್ಪೆಯ ಎಣ್ಣೆಯಲ್ಲಿ ಬಹುಪಾಲು ಇರುವುದು ಲಿಮೊನೀನ್ ಎಂಬ ದ್ರಾವಕ. ಅದರ ವಕ್ರೀಭವನಾಂಕ ೧.೪೭, ಅದು ಆಲ್ಕೊಹಾಲಿನೊಡನೆಯೂ ಮೇಣದೊಡನೆಯೂ ಬೆರೆಯುತ್ತದೆ. ಕ್ಸೈಲೀನು ಸುಮಾರು ೧೪೦ ಡಿಗ್ರಿ ಸೆಲ್ಸಿಯಸಿನಲ್ಲಿ ಕುದಿದರೆ ಲಿಮೊನೀನು ಕುದಿಯುವುದು ೧೭೬ ಡಿಗ್ರಿಯಲ್ಲಿ. ಆದುದರಿಂದ ಅದು ನಿಧಾನವಾಗಿ ಆವಿಯಾಗುತ್ತದೆ, ಬೆಂಕಿ ಹತ್ತುವುದೂ ಅಷ್ಟು ಸುಲಭವಲ್ಲ. ಹಣ್ಣಿನ ರಸದ ಕಾರ್ಖಾನೆಗಳ ಸಿಪ್ಪೆಯಿಂದ ತೆಗೆದ ಲಿಮೊನೀನು ತಿಳಿಕಾರಕವಾಗಿ ಅನೇಕ ದೇಶಗಳಲ್ಲಿ ದಶಕಗಳಿಂದ ಮಾರಾಟವಾಗುತ್ತಿದೆ.

ಹಾಗೆಂದು ಹಣ್ಣಿನಿಂದ ಬಂದುದೆಲ್ಲವೂ ನಿರುಪದ್ರವವೆಂದು ನಂಬುವುದು ವಿಜ್ಞಾನವಲ್ಲ. ಲಿಮೊನೀನು ಗಾಳಿಗೆ ತೆರೆದಿದ್ದರೆ ಆಮ್ಲಜನಕದೊಡನೆ ಕೂಡಿ, ಚರ್ಮಕ್ಕೆ ಒಗ್ಗದ ವಸ್ತುಗಳನ್ನು ಹುಟ್ಟಿಸುತ್ತದೆ. ಕೆಲವರಿಗೆ ಅದರಿಂದ ತುರಿಕೆಯ ರೋಗ ಬರುತ್ತದೆ. ಅದರ ತೀಕ್ಷ್ಣವಾದ ವಾಸನೆ ದಿನವಿಡೀ ಕೆಲಸ ಮಾಡುವವರಿಗೆ ಬೇಸರ ತರುತ್ತದೆ. ಜಲಚರಗಳಿಗೆ ಅದು ವಿಷ, ಚರಂಡಿಗೆ ಸುರಿಯುವಂತಿಲ್ಲ. ಮೇಲಾಗಿ ಅದರ ಬೆಲೆಯೂ ಹೆಚ್ಚು. ೨೦೦೮ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಬಡಾವಣೆಗಳ ನಡುವೆ ಇಕ್ಕಟ್ಟಾಗುತ್ತಿರುವ ದೇವನಹಳ್ಳಿಯ ಚಕ್ಕೋತದ ತೋಟಗಳು ರಾಜ್ಯದ ಪ್ರಯೋಗಶಾಲೆಗಳಿಗೆಲ್ಲ ದ್ರಾವಕ ಒದಗಿಸುವುವೆಂದು ನಾವು ಕನಸು ಕಾಣುತ್ತಿಲ್ಲ. ನಾವು ಹೇಳುವುದಿಷ್ಟೆ: ತನ್ನ ಊರಿನ ಹಣ್ಣಿನ ಸಿಪ್ಪೆಯಲ್ಲಿ ಏನಿದೆಯೆಂದು ಬಟ್ಟಿಯಿಳಿಸಿ ನೋಡಿ, ಅದರಲ್ಲಿ ಈರುಳ್ಳಿ ಬೇರಿನ ತುದಿಯನ್ನು ತಿಳಿಗೊಳಿಸಿ, ಫಲ ಬಂದರೂ ಬಾರದಿದ್ದರೂ ಬರೆದಿಡುವ ವಿದ್ಯಾರ್ಥಿಯು, ಕೈಪಿಡಿಯಲ್ಲಿದೆಯೆಂದು ಕ್ಸೈಲೀನನ್ನು ಸುರಿದುಕೊಂಡ ವಿದ್ಯಾರ್ಥಿಗಿಂತ ಹೆಚ್ಚು ಕಲಿತಿರುತ್ತಾನೆ.

ತೆಂಗಿನೆಣ್ಣೆಯನ್ನೂ ಪರೀಕ್ಷಿಸಿದವರುಂಟು. ೨೦೧೪ರಲ್ಲಿ ಬಾಯಿಯ ರೋಗಶಾಸ್ತ್ರಕ್ಕೆ ಮೀಸಲಾದ ಭಾರತೀಯ ನಿಯತಕಾಲಿಕವೊಂದರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೆಂಗಿನೆಣ್ಣೆಯಿಂದ ತಿಳಿಗೊಳಿಸಿದ ಅಂಗಾಂಶಗಳು ಕ್ಸೈಲೀನಿನವುಗಳಿಗಿಂತ ಕಡಮೆ ಕುಗ್ಗಿದುವೆಂದೂ ಉಳಿದ ಗುಣಗಳಲ್ಲಿ ಹೆಚ್ಚು ಕಡಮೆ ಸಮನಾಗಿದ್ದುವೆಂದೂ ವರದಿಯಾಯಿತು. ಆದರೆ ತೆಂಗಿನೆಣ್ಣೆ ೨೪ ಡಿಗ್ರಿಯ ಸುಮಾರಿಗೆ ಹೆಪ್ಪುಗಟ್ಟುತ್ತದೆ. ಮಾಗಿಯ ಬೆಳಗಿನಲ್ಲಿ ದೊಡ್ಡಬಳ್ಳಾಪುರದ ಮನೆಗಳಲ್ಲಿ ತಲೆಗೆ ಹಚ್ಚುವ ಎಣ್ಣೆಯ ಸೀಸೆಯನ್ನು ಬಿಸಿಲಿಗಿಟ್ಟು ಕರಗಿಸುವುದನ್ನು ಯಾರು ಕಂಡಿಲ್ಲ? ಹಾಗಾಗಿ ಅದನ್ನು ಬೆಚ್ಚಗಿಟ್ಟೇ ಬಳಸಬೇಕು. ಎಣ್ಣೆಯು ಹಾರಿಹೋಗುವ ವಸ್ತುವಲ್ಲವಾದ್ದರಿಂದ ಮೇಣವು ಅದನ್ನು ಪೂರ್ತಿಯಾಗಿ ಹೊರದೂಡುವಂತೆ ಎಚ್ಚರ ವಹಿಸಬೇಕು. ಇನ್ನು ಹೆರೆದ ಪದರದ ಮೇಣವನ್ನು ತೆಗೆಯಲು ಪಾತ್ರೆ ತೊಳೆಯುವ ಸಾಬೂನಿನ ತೆಳುವಾದ ಬಿಸಿ ದ್ರಾವಣವೇ ಸಾಕೆಂದು ತೋರಿಸಿದ ಪ್ರಯೋಗಗಳೂ ನಡೆದಿವೆ. ಮಧ್ಯಸ್ಥರು ಹಲವರಿದ್ದಾರೆ, ಅವರವರ ಗುಣದೋಷಗಳೂ ಇವೆ.

ಇಲ್ಲಿ ಎರಡು ಆಕ್ಷೇಪಣೆಗಳಿಗೆ ನಾವು ಉತ್ತರ ಹೇಳಬೇಕು. ಮೂವತ್ತು ವರ್ಷ ಈ ವಾಸನೆಯ ನಡುವೆಯೇ ಕೆಲಸ ಮಾಡಿದೆವು, ನಮಗೇನೂ ಆಗಲಿಲ್ಲ ಎಂಬುದು ಮೊದಲನೆಯದು. ಹೀಗೆ ಹೇಳುವ ಹಿರಿಯರ ಅನುಭವವನ್ನು ನಾವು ಗೌರವಿಸುತ್ತೇವೆ. ಆದರೆ ಇದು ಪ್ರಮಾಣವಾಗದು. ತಲೆನೋವು ತಾಳಲಾರದೆ ಆ ಕೆಲಸವನ್ನು ಬಿಟ್ಟುಹೋದವರು ಆ ಮಾತು ಹೇಳಲು ಅಲ್ಲಿ ಉಳಿದಿರುವುದಿಲ್ಲ. ಉಳಿದವರನ್ನು ಮಾತ್ರ ಕೇಳಿ ತೀರ್ಮಾನಿಸುವುದು ದಡ ಸೇರಿದವರನ್ನಷ್ಟೇ ಕೇಳಿ ಹೊಳೆಯ ಆಳವನ್ನು ಹೇಳಿದಂತೆ.

ಎರಡನೆಯ ಆಕ್ಷೇಪಣೆ ಗುರುತರವಾದುದು. ರೋಗನಿದಾನವು ಪ್ರಯೋಗಕ್ಕೆ ಆಟದ ಬಯಲಲ್ಲ. ತಿಳಿಕಾರಕವನ್ನು ಬದಲಿಸಿದುದರಿಂದ ಕೋಶಕೇಂದ್ರದ ಒಂದು ಗೆರೆ ಮಸುಕಾದರೂ ಆ ಹೊಸಕೋಟೆಯ ಹೆಂಗಸಿಗೆ ತಪ್ಪು ವರದಿ ಹೋದೀತು ಎಂಬುದು ರೋಗಶಾಸ್ತ್ರಜ್ಞರ ಮಾತು. ಇದನ್ನು ನಾವು ಪೂರ್ಣವಾಗಿ ಒಪ್ಪುತ್ತೇವೆ. ಅದಕ್ಕಾಗಿಯೇ ಆಸ್ಪತ್ರೆಯ ಪ್ರಯೋಗಶಾಲೆಗೂ ಕಾಲೇಜಿನ ತರಗತಿಗೂ ಒಂದೇ ನಿಯಮವನ್ನು ನಾವು ಹೇಳುವುದಿಲ್ಲ. ಆಸ್ಪತ್ರೆಯಲ್ಲಿ ಬದಲಾವಣೆ ಬರಬೇಕಾದರೆ ಒಂದೇ ಅಂಗಾಂಶವನ್ನು ಎರಡು ಭಾಗ ಮಾಡಿ, ಒಂದನ್ನು ಹಳೆಯ ಕ್ರಮದಲ್ಲಿಯೂ ಇನ್ನೊಂದನ್ನು ಹೊಸ ಕ್ರಮದಲ್ಲಿಯೂ ಸಿದ್ಧಪಡಿಸಿ, ಯಾವುದು ಯಾವುದೆಂದು ತಿಳಿಸದೆ ಅನುಭವಿಗಳಾದ ರೋಗಶಾಸ್ತ್ರಜ್ಞರಿಗೆ ಓದಲು ಕೊಡಬೇಕು. ಅನೇಕ ಬಗೆಯ ಅಂಗಾಂಶಗಳಲ್ಲಿ ಎರಡೂ ಸಮನೆಂದು ಕಂಡ ಮೇಲೆಯೇ ಹಳೆಯದನ್ನು ಬಿಡಬೇಕು. ಅಲ್ಲಿಯವರೆಗೆ ಆಸ್ಪತ್ರೆಯಲ್ಲಿ ಕ್ಸೈಲೀನು ಇರಲಿ. ಆದರೆ ಆವಿಯನ್ನು ಎಳೆದು ಹೊರಹಾಕುವ ಗೂಡಿನೊಳಗೆ, ಮುಚ್ಚಳದ ಕೆಳಗೆ ಇರಲಿ. ಬಟ್ಟೆಯ ಮುಖವಾಡ ಈ ಆವಿಯನ್ನು ತಡೆಯಲಾರದು. ತೆಳುವಾದ ರಬ್ಬರಿನ ಕೈಚೀಲವನ್ನು ಕ್ಸೈಲೀನು ಬೇಗನೆ ದಾಟಿಬರುತ್ತದೆ. ಗಾಳಿಯ ವ್ಯವಸ್ಥೆಗೆ ಬದಲಾಗಿ ಇವುಗಳನ್ನು ಕೊಟ್ಟು ಸುಮ್ಮನಾಗುವುದು ಸಲ್ಲದು.

ಕಾಲೇಜಿನ ಮಾತೇ ಬೇರೆ. ಅಲ್ಲಿ ಯಾವ ರೋಗಿಯೂ ವರದಿಗಾಗಿ ಕಾದಿಲ್ಲ, ಕಾದಿರುವುದು ವಿದ್ಯೆ. ಹೈಸ್ಕೂಲಿನಲ್ಲಿಯೂ ಪದವಿಪೂರ್ವ ತರಗತಿಗಳಲ್ಲಿಯೂ ಕ್ಸೈಲೀನಿಗೆ ಕೆಲಸವೇ ಇಲ್ಲವೆಂಬುದು ನಮ್ಮ ದೃಢವಾದ ಅಭಿಪ್ರಾಯ. ಈರುಳ್ಳಿಯ ಪೊರೆಯನ್ನೂ ಎಲೆಯ ಅಡ್ಡಸೀಳನ್ನೂ ಗ್ಲಿಸರಿನ್ನಿನಲ್ಲಿ ಇಟ್ಟು ನೋಡಿದರೆ ಆ ವಯಸ್ಸಿಗೆ ಬೇಕಾದುದೆಲ್ಲವೂ ಕಾಣುತ್ತದೆ. ಶಾಶ್ವತ ಸ್ಲೈಡುಗಳು ಬೇಕಾದರೆ ಸಿದ್ಧವಾದವು ದೊರೆಯುತ್ತವೆ. ಪದವಿ ತರಗತಿಯಲ್ಲಿ ಶಾಶ್ವತ ಸ್ಲೈಡಿನ ತಂತ್ರವನ್ನು ಕಲಿಸಲೇಬೇಕು. ಆದರೆ ನಲವತ್ತು ಮಂದಿಯೂ ನಲವತ್ತು ತೆರೆದ ಜಾಡಿಗಳ ಮುಂದೆ ಕುಳಿತು ಕಲಿಯಬೇಕೆಂಬ ಕಟ್ಟುಪಾಡಿಲ್ಲ. ಲವಂಗದ ಎಣ್ಣೆಯಲ್ಲಿಯೋ ಬ್ಯುಟೈಲ್ ಆಲ್ಕೊಹಾಲಿನಲ್ಲಿಯೋ ಲಿಮೊನೀನಿನಲ್ಲಿಯೋ ಅದೇ ತತ್ತ್ವವನ್ನು ಕಲಿಸಬಹುದು. ಇವುಗಳಿಗೂ ಮುಚ್ಚಳವೂ ಗಾಳಿಯೂ ಬೇಕೆಂಬುದನ್ನು ಮಾತ್ರ ಮರೆಯಬಾರದು.

ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ನಮ್ಮದು ಒಂದು ಸುಲಭವಾದ ಸಲಹೆ. ಪ್ರಯೋಗಶಾಲೆಯ ಗೋಡೆಗೆ ಒಂದು ಪುಸ್ತಕವನ್ನು ತೂಗುಹಾಕಿ. ವರ್ಷದಲ್ಲಿ ಎಷ್ಟು ಕ್ಸೈಲೀನು ಕೊಂಡಿರಿ ಎಂಬುದನ್ನು ಒಂದು ಕಡೆ ಬರೆಯಿರಿ. ಬಳಸಿದ ಮೇಲೆ ತ್ಯಾಜ್ಯದ ಡಬ್ಬಿಗೆ ಎಷ್ಟು ಸೇರಿತು, ಕಪಾಟಿನಲ್ಲಿ ಎಷ್ಟು ಉಳಿಯಿತು ಎಂಬುದನ್ನು ಇನ್ನೊಂದು ಕಡೆ ಬರೆಯಿರಿ. ಕಳೆದು ನೋಡಿ. ದ್ರವ್ಯವು ನಾಶವಾಗುವುದಿಲ್ಲವೆಂದು ನೀವೇ ಓದಿದ್ದೀರಿ. ಲೆಕ್ಕಕ್ಕೆ ಸಿಕ್ಕದೆ ಹೋದ ಲೀಟರುಗಳು ಎಲ್ಲಿಗೆ ಹೋದವು? ಎರಡೇ ದಾರಿಗಳುಂಟು. ಒಂದು ಗಾಳಿ, ಎಂದರೆ ನಿಮ್ಮ ಶ್ವಾಸಕೋಶ. ಇನ್ನೊಂದು ಕೈತೊಳೆಯುವ ತೊಟ್ಟಿಯ ಕೊಳವೆ.

ಈ ಎರಡನೆಯ ದಾರಿ ನಮ್ಮ ಸೀಮೆಯಲ್ಲಿ ಎಲ್ಲಿಗೆ ಹೋಗುತ್ತದೆಂಬುದನ್ನೂ ಯೋಚಿಸಬೇಕು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿಯು ದೊಡ್ಡಬಳ್ಳಾಪುರದ ಮೂಲಕ ಹೆಸರಘಟ್ಟದ ಕಡೆಗೂ, ಶಿವಗಂಗೆಯ ಕುಮುದ್ವತಿಯು ನೆಲಮಂಗಲದ ಸೀಮೆಯನ್ನು ಹಾದು ತಿಪ್ಪಗೊಂಡನಹಳ್ಳಿಯ ಕಡೆಗೂ, ದಕ್ಷಿಣ ಪಿನಾಕಿನಿಯು ಹೊಸಕೋಟೆಯ ಕೆರೆಯ ಕಡೆಗೂ ಇಳಿಯುತ್ತವೆ. ಹೊಳೆಗಳು ವರ್ಷದ ಬಹುಕಾಲ ಬತ್ತಿರುವ ಈ ನಾಡಿನಲ್ಲಿ ಕೆರೆಯೂ ಅಂತರ್ಜಲವೂ ಜೀವಾಧಾರ. ಕ್ಸೈಲೀನು ನೀರಿನಲ್ಲಿ ಕರಗದೆ ಮೇಲೆ ತೇಲುವ ದ್ರವ. ಕೊಳವೆಯೊಳಗೆ ಅದರ ಆವಿ ನಿಂತರೆ ಬೆಂಕಿಯ ಭಯವೂ ಉಂಟು. ೨೦೧೬ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವ��ಣೆಯ ನಿಯಮಗಳು ರಾಸಾಯನಿಕ ದ್ರವತ್ಯಾಜ್ಯವನ್ನು ಪ್ರತ್ಯೇಕವಾಗಿ ಸಂಗ್ರಹಿಸಬೇಕೆಂದು ವಿಧಿಸಿವೆ. ಕಾಲೇಜುಗಳೂ ಇದೇ ಶಿಸ್ತನ್ನು ಪಾಲಿಸತಕ್ಕದ್ದು. ಬಳಸಿದ ಕ್ಸೈಲೀನನ್ನು ಹೆಸರು ಬರೆದ ಮುಚ್ಚಿದ ಡಬ್ಬಿಯಲ್ಲಿ ಕೂಡಿಡಬೇಕು. ವಿಲೇವಾರಿಗೆ ಪರವಾನಗಿ ಪಡೆದವರಿಗೆ ಒಪ್ಪಿಸಬೇಕು.

ಇದಕ್ಕೆಲ್ಲ ಹಣವೆಲ್ಲಿ ಎಂದು ಆಡಳಿತದವರು ಕೇಳುವುದುಂಟು. ಜಾಡಿಗೆ ಮುಚ್ಚಳ ಹಾಕಲು ಹಣ ಬೇಡ. ಕಿಟಕಿಯನ್ನು ತೆರೆಯಲು ಹಣ ಬೇಡ. ಗೋಡೆಯ ಲೆಕ್ಕದ ಪುಸ್ತಕಕ್ಕೆ ಹೆಚ್ಚು ಹಣ ಬೇಡ. ಆವಿಯನ್ನು ಎಳೆಯುವ ಗೂಡಿಗೆ ಹಣ ಬೇಕು, ನಿಜ. ಆದರೆ ಹೊಸ ಸೂಕ್ಷ್ಮದರ್ಶಕಗಳನ್ನು ಕೊಳ್ಳುವಾಗ ಆ ಗೂಡನ್ನೂ ಸೂಕ್ಷ್ಮದರ್ಶಕದ ಒಂದು ಭಾಗವೆಂದೇ ಲೆಕ್ಕ ಹಾಕುವುದು ನ್ಯಾಯ. ಮಸೂರಕ್ಕೆ ಹಣವಿದೆ, ಮಸೂರದ ಹಿಂದೆ ಕಣ್ಣಿಟ್ಟವನ ಉಸಿರಿಗೆ ಇಲ್ಲ ಎನ್ನುವ ಸಂಸ್ಥೆಯು ತಾನು ಕಲಿಸುವ ಜೀವಶಾಸ್ತ್ರವನ್ನು ತಾನೇ ಓದಿಲ್ಲವೆಂದು ಹೇಳಬೇಕಾಗುತ್ತದೆ.

ಹೊಸಕೋಟೆಯ ಆ ಹೆಂಗಸಿನ ಕೈಗೆ ವರದಿ ಸೇರುತ್ತದೆ. ಅದರಲ್ಲಿ ವೈದ್ಯರ ಸಹಿ ಇರುತ್ತದೆ. ತಂತ್ರಜ್ಞರ ಹೆಸರು ಆಕೆಯ ಕಣ್ಣಿಗೆ ಬೀಳುವುದು ಅಪರೂಪ. ಆಕೆಗೆ ಸತ್ಯವನ್ನು ಹೇಳುವುದಕ್ಕಾಗಿ ಇನ್ನೊಬ್ಬರು ತಲೆನೋವನ್ನು ದಿನದ ಕೂಲಿಯಂತೆ ಪಡೆಯಬೇಕಾದ ಅಗತ್ಯವಿಲ್ಲವೆಂದು ವಿಜ್ಞಾನವು ಈಗಾಗಲೇ ತೋರಿಸಿದೆ. ಮುಂದಿನ ಪ್ರಾಯೋಗಿಕ ತರಗತಿಗೆ ಹೋದಾಗ ನಮ್ಮ ವಾಚಕರು ಮೊದಲು ಕಿಟಕಿಯನ್ನು ತೆರೆಯಲಿ, ಜಾಡಿಯನ್ನು ಮುಚ್ಚಲಿ. ಆಮೇಲೆ, ಈ ದ್ರವವೇ ಏಕೆ, ಬೇರೆಯದು ಏಕಾಗದು ಎಂದು ವಿನಯದಿಂದ ಕೇಳಲಿ. ವಾಸನೆಗೆ ಒಗ್ಗಿಕೊಳ್ಳುವುದಕ್ಕಿಂತ ಈ ಪ್ರಶ್ನೆಗೆ ಒಗ್ಗಿಕೊಳ್ಳುವುದು ವಿಜ್ಞಾನದ ವಿದ್ಯಾರ್ಥಿಗೆ ಹೆಚ್ಚು ಶೋಭಿಸುತ್ತದೆ.